ಒಂದು ನೂಲು ಎತ್ತರ

ನಮ್ಮ ಭಾವ ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಎದುರಿಗೆ ಬಂದವರು ಅಧಿಕಾರಿಯಾಗಲಿ, ಅಂಗಡಿಯ ಮುಂದೆ ಆಡುವ ಮಗುವಾಗಲಿ, ಅವರ ದೃಷ್ಟಿ ಮೊದಲು ಹೋಗಿ ಕೂರುತ್ತಿದ್ದುದು ಹೆಗಲಿನ ಹೊಲಿಗೆಯ ಮೇಲೆ. ಅಲ್ಲಿಂದ ಕಂಕುಳು, ಕಂಕುಳಿನಿಂದ ಸೊಂಟ, ಸೊಂಟದಿಂದ ಮಣಿಕಟ್ಟು, ಹೀಗೆ ಒಂದು ಸುತ್ತು ಪ್ರದಕ್ಷಿಣೆ ಮುಗಿಸಿ, ಎಲ್ಲಿಯಾದರೂ ಬಟ್ಟೆ ದೇಹವನ್ನು ಬಿಟ್ಟು ನಿಂತಿದ್ದರೆ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಹಿಡಿದು, ಕಳ್ಳನನ್ನು ಕೈಸೆರೆ ಹಿಡಿದವರ ಗತ್ತಿನಲ್ಲಿ "ಇದು ಇಲ್ಲಿ ಯಾಕಿದೆ?" ಎಂದು ವಿಚಾರಣೆಗೆ ತೊಡಗುತ್ತಿದ್ದರು. ಮದುವೆಯ ಮಾತಿಗೆಂದು ಮೊದಲ ಸಲ ನಮ್ಮ ಮನೆಗೆ ಬಂದ ದಿನ, ಬಾಗಿಲು ತೆರೆದ ನನ್ನ ಹೆಗಲನ್ನು ಚಿವುಟಿ, "ಈ ಅಂಗಿ ನಿಮ್ಮ ಅಣ್ಣಂದಾ?" ಎಂದರು. ನನಗೆ ಅಣ್ಣನಿರಲಿಲ್ಲ. ಅಂಗಿ ನನ್ನದೇ, ಹೊಸದು, ಅವರು ಬರುತ್ತಾರೆಂದೇ ಕೊಂಡದ್ದು. ಒಳಗೆ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕುಬಿಟ್ಟಳು. ಆ ನಗುವಿನಿಂದಲೇ ಸಂಬಂಧ ಕುದುರಿತೆಂದು ನಮ್ಮ ತಾಯಿ ಬಹುಕಾಲ ಹೇಳಿಕೊಂಡು ತಿರುಗುತ್ತಿದ್ದರು. ಈಚೆಗೆ ಹೇಳುವುದನ್ನು ಬಿಟ್ಟಿದ್ದಾರೆ.

ಭಾವ ಕೋಟಿನ ದರ್ಜಿ. ಕೋಟು ಮತ್ತು ಕೋಟಿಗೆ ಜೊತೆಯಾಗುವ ಪ್ಯಾಂಟು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಸ್ವತಃ ಅವರು ಸದಾಕಾಲ ಒಂದು ಬೂದುಬಣ್ಣದ ಕೋಟಿನೊಳಗೆ ವಾಸಿಸುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಕಾವು ಮುಖಕ್ಕೆ ಹೊಡೆಯುತ್ತಿರುವಾಗಲೂ ಅದರ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. ಆ ಕೋಟು ಅವರ ಮೈಗೆ ಹೊಂದಿಕೊಂಡಿತ್ತು ಎನ್ನುವುದಕ್ಕಿಂತ ಅವರ ಮೈಯೇ ಕೋಟಿಗೆ ಹೊಂದಿಕೊಂಡಿತ್ತು ಎಂದರೆ ಸತ್ಯಕ್ಕೆ ಹತ್ತಿರ. ಮಂಡಿ ಹೆಚ್ಚು ಮಡಿಸದೆ, ತೋಳು ಬೀಸದೆ, ತುಂಬಿದ ಕೊಡ ಹೊತ್ತವರಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ನಡೆಯುತ್ತಿದ್ದರು. ಕೈಜಾರಿ ಬಿದ್ದ ಕತ್ತರಿಯನ್ನು ಅವರು ಬಗ್ಗಿ ಎತ್ತಿಕೊಂಡಿದ್ದು ನನಗೆ ನೆನಪಿಲ್ಲ. ಅದನ್ನು ಅಕ್ಕ ಎತ್ತಿಕೊಡುತ್ತಿದ್ದಳು. ಮಾತು ಕಡಿಮೆ, ಆಡಿದರೆ ಅದರಲ್ಲಿ 'ನೂಲು' ಬರಲೇಬೇಕು. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟರಲ್ಲೊಂದು ಪಾಲು. ಭಾವನ ಲೆಕ್ಕದಲ್ಲಿ ಸಮಸ್ತ ನ್ಯಾಯಾನ್ಯಾಯಗಳ ಮಾನದಂಡ. ಸಾರಿಗೆ ಉಪ್ಪು ಒಂದು ನೂಲು ಮುಂದಾಗುತ್ತಿತ್ತು, ಪಕ್ಕದ ಮನೆಯಾಕೆಯ ನಾಲಗೆ ಒಂದು ನೂಲು ಉದ್ದವಿತ್ತು, ತೀರಿಕೊಂಡ ಸ್ವಂತ ಅಣ್ಣನ ಬಗ್ಗೆ ಅವರು ಆಡಿದ ಚರಮವಾಕ್ಯವೂ ಅಷ್ಟೇ: "ಮನುಷ್ಯ ಒಳ್ಳೆಯವನು. ಒಂದು ನೂಲು ಸಡಿಲ."

ಅವರ ಅಂಗಡಿ ಮನೆಯ ಮುಂಗೋಣೆಯಲ್ಲೇ ಇತ್ತು. ಗೋಡೆಯುದ್ದದ ಕನ್ನಡಿ, ಕನ್ನಡಿಯ ಮುಂದೆ ಗೇಣೆತ್ತರದ ಮರದ ಪೀಠ. ಗಿರಾಕಿ ಆ ಪೀಠವನ್ನೇರಿ ನಿಲ್ಲಬೇಕು, ಎದೆಯೆತ್ತಬೇಕು, ಭಾವ ಟೇಪು ಸುತ್ತಿ "ಉಸಿರು ಹಿಡೀರಿ" ಎಂದಾಗ ಹಿಡಿಯಬೇಕು, "ಬಿಡಿ" ಎನ್ನುವವರೆಗೂ ಬಿಡಕೂಡದು. ಎಲ್ಲ ದರ್ಜಿಗಳೂ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯನ್ನು ಮತ್ತೊಮ್ಮೆ ಕರೆಸಿ, ತೊಡಿಸಿ, ಕೂರಿಸಿ, ಕೈ ಎತ್ತಿಸಿ ನೋಡುತ್ತಾರೆ; ಟ್ರಯಲ್ ಎನ್ನುತ್ತಾರೆ ಅದಕ್ಕೆ. ಭಾವನಿಗೆ ಆ ಪದವೇ ಆಗಿಬರುತ್ತಿರಲಿಲ್ಲ. "ಟ್ರಯಲ್ ನೋಡೋನು ಅಳತೆ ಬರದವನು" ಎನ್ನುತ್ತಿದ್ದರು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಮೊದಲ ಪ್ರತಿಯಲ್ಲಿ ತಪ್ಪಿರುತ್ತದೆ ಎಂಬ ನಂಬಿಕೆಯ ಮೇಲೆಯೇ ಬದುಕುತ್ತಿರುವ ಪ್ರಾಣಿ. ನನ್ನ ವೃತ್ತಿಯನ್ನು ಅವರು ಒಂದು ಬಗೆಯ ಅಂಗವೈಕಲ್ಯವೆಂದೇ ಭಾವಿಸಿದ್ದರು.

ಹೀಗೆ ಹೊಲಿದ ಕೋಟುಗಳು ಕನ್ನಡಿಯಲ್ಲಿ ಅದ್ಭುತವಾಗಿ ಕಾಣುತ್ತಿದ್ದವು. ಗಿರಾಕಿ ತನ್ನ ಪ್ರತಿಬಿಂಬವನ್ನೇ ಗುರುತಿಸದೆ ಒಂದು ಕ್ಷಣ ಬೆರಗಾಗುತ್ತಿದ್ದ. ತೊಂದರೆ ಶುರುವಾಗುತ್ತಿದ್ದುದು ಕೂತಾಗ. ಒಬ್ಬ ಹೆಡ್‌ಮಾಸ್ತರರು ತಮ್ಮ ಬೀಳ್ಕೊಡುಗೆಯ ಸಭೆಗೆಂದು ಕೋಟು ಹೊಲಿಸಿದರು. ಆ ದಿನ ವೇದಿಕೆಯ ಮೇಲೆ ಅವರು, ಯಾರು ಎಷ್ಟು ಕರೆದರೂ, ಕುರ್ಚಿಯಲ್ಲಿ ಕೂರದೆ, ಭಾಷಣ ಮಾಡುವವರ ಹಿಂದೆ ಕೈಕಟ್ಟಿ ನಿಂತೇ ಇದ್ದರಂತೆ. ಎಂಥ ವಿನಯವೆಂದು ಸಭಿಕರು ಕಣ್ಣೊರೆಸಿಕೊಂಡರು. ಕೊನೆಗೆ ಯಾರೋ ಅಭಿಮಾನಿ ಭುಜ ಹಿಡಿದು ಬಲವಂತವಾಗಿ ಕೂರಿಸಿದಾಗ ಬೆನ್ನಿನ ಹೊಲಿಗೆ ಪರ್ರನೆ ಬಿಟ್ಟಿತು, ಧ್ವನಿವರ್ಧಕ ಅದನ್ನು ಊರಿಗೆಲ್ಲ ಸಾರಿತು. ಮರುದಿನ ಅವರು ಕೋಟನ್ನು ಕಂಕುಳಲ್ಲಿ ಹಿಡಿದು ಕೆಂಡದಂತೆ ಬಂದರೆ, ಭಾವ ಹರಿದ ಜಾಗವನ್ನು ತಿರುಗಿಸಿಯೂ ನೋಡದೆ ಕೇಳಿದ್ದು ಒಂದೇ ಪ್ರಶ್ನೆ: "ಕೋಟು ಹಾಕ್ಕೊಂಡು ಕೂತ್ಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ರು?"

ಆ ಕೋಟನ್ನು ಸರಿಮಾಡಿಕೊಟ್ಟವಳು ಅಕ್ಕ. ಕಾಜಾ ತೆಗೆಯುವುದು, ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಭಾವ ಕತ್ತರಿಸಿಕೊಟ್ಟ ಬಟ್ಟೆಯನ್ನು ಹೊಲಿಗೆಗೆ ಹೊಂದಿಸುವಾಗ, ಅವರ ಕಣ್ಣು ತಪ್ಪಿಸಿ ಒಳಭಾಗದಲ್ಲಿ ಒಂದಿಷ್ಟು ಹೆಚ್ಚುವರಿ ಅಂಚನ್ನು ಉಳಿಸಿ ಮಡಿಸಿಬಿಡುತ್ತಿದ್ದಳು. "ಒಳಗೆ ಸ್ವಲ್ಪ ಬಿಟ್ಟಿರಬೇಕು ಕಣೋ. ಮನುಷ್ಯ ಊದ್ತಾನೆ, ಇಳೀತಾನೆ. ಮನುಷ್ಯ ಅಂದ್ಮೇಲೆ ಆಗುತ್ತೆ" ಎಂದು ನನಗೊಮ್ಮೆ ಹೇಳಿದ್ದಳು. ಭಾವನ ಕಣ್ಣಿಗೆ ಬಿದ್ದರೆ ಆ ಅಂಚನ್ನು ಕತ್ತರಿಸಿ ಅವಳ ಮುಂದೆಯೇ ಚೂರಿನ ಬುಟ್ಟಿಗೆ ಹಾಕುತ್ತಿದ್ದರು. ಕಣ್ಣಿಗೆ ಬೀಳದೆ ಉಳಿದ ಅಂಚುಗಳೇ ಆ ಅಂಗಡಿಯ ಮಾನವನ್ನು ಕಾಪಾಡಿದವು ಎಂಬುದು ನನ್ನ ಖಚಿತ ಅಭಿಪ್ರಾಯ, ಅದನ್ನು ಅವರೆದುರು ಹೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ಆ ಕೋಣೆಯಲ್ಲಿ ಗಂಡಹೆಂಡಿರು ಬೆಳಗಿನಿಂದ ಸಂಜೆಯವರೆಗೆ ಎದುರುಬದುರಾಗಿ ಕೂತಿರುತ್ತಿದ್ದರೂ ಮಾತಿರುತ್ತಿರಲಿಲ್ಲ. ಜಗಳವೇನೂ ಅಲ್ಲ, ಇಬ್ಬರ ಬಾಯಲ್ಲೂ ಗುಂಡುಸೂಜಿ. ತುಟಿಗಳ ನಡುವೆ ಸೂಜಿಗಳ ಸಾಲು ಹಿಡಿದು ಕೆಲಸ ಮಾಡುವವರು ಸಂಸಾರದ ಮಾತಾಡುವುದು ಹೇಗೆ? ಅವರು ಹ್ಞೂಂ, ಉಹ್ಞೂಂಗಳಲ್ಲಿ ವರ್ಷಗಳನ್ನು ಕಳೆದರು. ತಗ್ಗು ಮಣೆಯ ಮೇಲೆ ಬಗ್ಗಿ ಕೂತು ಕಾಜಾ ತೆಗೆದೂ ತೆಗೆದೂ ಅಕ್ಕನ ಬೆನ್ನು ಹೋಯಿತು. ನಡುಬೆನ್ನಿನ ಬಿಲ್ಲೆಯೊಂದು ಜರುಗಿದೆಯೆಂದು ಡಾಕ್ಟರು ಹೇಳಿ, ವ್ಯಾಯಾಮ ಹೇಳಿಕೊಟ್ಟು, ಬಸ್ಸಿನಲ್ಲಿ ನಿಂತು ತೂಗಾಡುವುದು ಬೇಡ ಎಂದರು. ಭಾವ ಆಗ ಒಂದು ಕಾರು ಕೊಂಡರು. ಹಳೆಯದು, ಅವರ ಕೋಟಿನದೇ ಬೂದುಬಣ್ಣದ್ದು. ಹೆಂಡತಿಯ ಬೆನ್ನಿಗಾಗಿ ಕೊಂಡರೆಂಬುದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಈ ಮನುಷ್ಯನ ಬಗ್ಗೆ ಎಷ್ಟೇ ಕಹಿ ಮಾತಾಡಿದರೂ ಆ ಒಂದು ಸಂಗತಿ ಅವರ ಲೆಕ್ಕಕ್ಕೆ ಜಮೆಯಾಗಲೇಬೇಕು.

ಕಾರು ಬಂದಮೇಲೆ ಒಂದು ವಿಚಿತ್ರ ನಡೆಯಿತು. ಭಾನುವಾರಗಳಂದು ಅವರಿಬ್ಬರೂ ಊರಾಚೆಯ ಹೊಳೆದಂಡೆಗೆ ಹೋಗತೊಡಗಿದರು, ಒಮ್ಮೊಮ್ಮೆ ನಾನೂ ಹಿಂದಿನ ಸೀಟಿನಲ್ಲಿರುತ್ತಿದ್ದೆ. ಬಾಯಲ್ಲಿ ಸೂಜಿಯಿಲ್ಲದ ಅಕ್ಕ ಮುಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತು, ಮನೆಯ ಬೀದಿ ದಾಟುವ ಮೊದಲೇ ಮಾತಿಗೆ ಶುರುವಿಡುತ್ತಿದ್ದಳು. ಸಣ್ಣಂದಿನಲ್ಲಿ ನಾವು ಮರದಿಂದ ಬಿದ್ದ ಕಥೆ, ಮೆತ್ತಗಿನ ಗಂಟಲಿನ ಹಾಡು, ದಾರಿಯ ಬದಿಯ ಮನೆಗಳ ಬಣ್ಣದ ಬಗ್ಗೆ ತೀರ್ಪು, ಏನೆಲ್ಲ. ಭಾವ ಸ್ಟಿಯರಿಂಗ್ ಹಿಡಿದು ನೇರವಾಗಿ ರಸ್ತೆಯನ್ನೇ ನೋಡುತ್ತ, ಆದರೆ ಕೇಳಿಸಿಕೊಳ್ಳುತ್ತ, ಎಲ್ಲೋ ಒಂದೆಡೆ "ಆಮೇಲೆ?" ಎನ್ನುತ್ತಿದ್ದರು. ಆ 'ಆಮೇಲೆ' ಕೇಳಲು ಅಕ್ಕ ವಾರವೆಲ್ಲ ಕಾಯುತ್ತಿದ್ದಳೆಂದು ನನಗೆ ಗೊತ್ತು. ಅವರ ದಾಂಪತ್ಯವೆಲ್ಲ ಆ ಎರಡು ಮುಂದಿನ ಸೀಟುಗಳಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ.

ಆದರೆ ದರ್ಜಿಯ ಕಣ್ಣಿಗೆ ಕಾರೂ ಒಂದು ಉಡುಪೇ. ಒಂದು ಬೆಳಿಗ್ಗೆ ಭಾವ ಕಾರಿನ ಮುಂದೆ ನಿಂತು, ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಕೈಬೆರಳು ತೂರಿಸಿ ನೋಡಿದರು. ನಾಲ್ಕು ಬೆರಳೂ ಸಲೀಸಾಗಿ ಹೋದವು. ಒಳ್ಳೆಯ ಕಾಲರಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದೆಂಬುದು ಅವರ ಶಾಸ್ತ್ರ. ಅಂದಿನಿಂದ ಅವರಿಗೆ ಅದೇ ಕೊರೆತ. ದಾರಿಯಲ್ಲಿ ಹೋಗುವ ಕಾರುಗಳನ್ನೆಲ್ಲ "ಯಾರಪ್ಪನ ಕೋಟೋ ಹಾಕ್ಕೊಂಡ ಹಾಗಿದೆ" ಎಂದು ಮೂದಲಿಸಿ, ತಮ್ಮದನ್ನು ತಗ್ಗಿಸಬೇಕೆಂದು ತೀರ್ಮಾನಿಸಿದರು. ಸ್ಪ್ರಿಂಗ್ ಬದಲಿಸಿ ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರಿನ ಮೈ ನೆಲಕ್ಕೆ ಹತ್ತಿರವಾಗುತ್ತದೆ, ಸಂದು ಮುಚ್ಚುತ್ತದೆ. "ಕಾರಿಗೂ ಉಸಿರು ಹಿಡಿ ಅಂತೀರೇನ್ರೀ?" ಎಂದು ಅಕ್ಕ ನಗುತ್ತಲೇ ಕೇಳಿದಳು. ಆಗಿನ್ನೂ ಅವಳು ನಗುತ್ತಿದ್ದಳು.

ಗ್ಯಾರೇಜಿಗೆ ಮೂವರೂ ಹೋಗಿದ್ದೆವು. ಅಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಒಂದು ಹಳೆಯ ಟೈರಿನ ಮೇಲೆ, ಭಾವ ನಿಂತೇ. ಕಾರು ಲಿಫ್ಟಿನ ಮೇಲೆ ಕಾಲು ಇಳಿಬಿಟ್ಟ ಎಮ್ಮೆಯ ಹಾಗೆ ನೇತಾಡುತ್ತಿತ್ತು. ಹೊಸ ಸ್ಪ್ರಿಂಗುಗಳು ಕೂತವು. ಗ್ಯಾರೇಜಿನವನು ಕೈಯೊರೆಸಿಕೊಂಡು, ಚಕ್ರವನ್ನು ಮೈಗೆ ಹಿಡಿದಿಡುವ ತೋಳುಗಳ ಬೋಲ್ಟುಗಳನ್ನು ಬರೀ ಕೈಬಿಗಿ ಮಾಡಿ ಬಿಟ್ಟು, "ಇವಿಷ್ಟನ್ನ ಕೆಳಗಿಳಿಸಿದ ಮೇಲೆ ಬಿಗಿ ಮಾಡ್ಬೇಕು ಸಾರ್. ಭಾರ ಬೀಳ್ಲಿ ಮೊದ್ಲು" ಎಂದ.

ಭಾವನ ಹುಬ್ಬು ಮೇಲೇರಿತು. "ಅರ್ಧಂಬರ್ಧ ಮಾಡಿ ಕೆಳಗಿಳಿಸ್ತೀಯಾ? ನನ್ನ ಅಂಗಡಿಯಿಂದ ಕಚ್ಚಾ ದಾರ ನೇತಾಡ್ಕೊಂಡು ಒಂದು ಕೋಟೂ ಹೊರಗೆ ಹೋಗಿಲ್ಲ. ಎಲ್ಲ ಮೇಲೇ ಬಿಗಿ ಮಾಡು. ಇಳಿದ ಮೇಲೆ ಯಾರೂ ಕೈ ಹಾಕಬಾರದು."

"ಅಲ್ಲ ಸಾರ್, ರಬ್ಬರು..."

"ಮೇಲೇ ಮಾಡು ಅಂದೆ."

ಕುರ್ಚಿಯಿಂದ ಅಕ್ಕ ಮೆಲ್ಲಗೆ, "ರೀ, ಅವನ ಕೆಲಸ ಅವನಿಗೆ ಗೊತ್ತಿರುತ್ತೆ, ಅವನು ಹೇಳಿದ ಹಾಗೆ ಮಾಡ್ಲಿ ಬಿಡಿ" ಎಂದಳು. ಭಾವ ತಿರುಗದೆಯೇ "ನೀನು ಸುಮ್ನಿರು" ಎಂದರು. ಗ್ಯಾರೇಜಿನವನು ಒಮ್ಮೆ ಅಕ್ಕನತ್ತ, ಒಮ್ಮೆ ನನ್ನತ್ತ ನೋಡಿ, ತನಗೆ ಸಂಬಂಧವಿಲ್ಲವೆಂಬಂತೆ ಭುಜ ಕುಣಿಸಿ, ಉದ್ದನೆಯ ಪಾನಾ ತೆಗೆದುಕೊಂಡು ಒಂದೊಂದೇ ಬೋಲ್ಟನ್ನು ಗಾಳಿಯಲ್ಲೇ ಕಿರ್ರೆನ್ನುವವರೆಗೆ ಬಿಗಿದ. ಕಾರು ಕೆಳಗಿಳಿದಾಗ ಭಾವ ಅದರ ಮುಂದೆ ಮೊದಲ ಸಲ ಮುಗುಳ್ನಕ್ಕರು. ಸಂದಿನೊಳಗೆ ಎರಡೇ ಬೆರಳು ಹೋಗುತ್ತಿದ್ದವು. ಸುಳ್ಳೇಕೆ ಹೇಳಲಿ, ನೋಡಲು ಚೆಂದವಾಗಿಯೇ ಇತ್ತು.

ಆ ಭಾನುವಾರ ಹೊಳೆಗೆ ಹೊರಟೆವು. ಬೀದಿಯ ತಿರುವಿನಲ್ಲಿದ್ದ ಚರಂಡಿಯ ಮುಚ್ಚಳದ ಮೇಲೆ ಚಕ್ರ ಹತ್ತಿದ್ದೇ ತಡ, ಯಾರೋ ಸೀಟಿನ ಕೆಳಗಿನಿಂದ ಒದ್ದಂತಾಯಿತು. ಮುಂದೆ ರಸ್ತೆಯ ಒಂದೊಂದು ಬಿರುಕೂ ಒಂದೊಂದು ಒದೆ. ಅಕ್ಕನ ಮಾತು ತುಂಡುತುಂಡಾಯಿತು. "ಅವತ್ತು ಅಪ್ಪ ಬೈ..." ಎಂದಳು, "...ದಾಗ ನಾವು" ಎನ್ನುವಷ್ಟರಲ್ಲಿ ಇನ್ನೊಂದು ಗುಂಡಿ. ಸ್ವಲ್ಪ ದೂರದಲ್ಲಿ ಅವಳು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡಳು. ಇನ್ನೂ ಸ್ವಲ್ಪ ದೂರದಲ್ಲಿ ಮಾತು ನಿಲ್ಲಿಸಿ ತುಟಿ ಕಚ್ಚಿದಳು. ಹೊಳೆಯ ದಂಡೆ ಸೇರಿದಾಗ ಇಳಿಯಲಾರದೆ, ನಾನು ತೋಳು ಕೊಟ್ಟು ಇಳಿಸಬೇಕಾಯಿತು. ಭಾವ ಚಕ್ರಗಳತ್ತ ನೋಡಿ "ರಸ್ತೆ ಕೆಟ್ಟಿದೆ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಲ್ಲಿಂದಾಚೆ ಭಾವ ನಡೆಸಿದ ಚಿಕಿತ್ಸೆಗಳು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಜಾತಿಯವು. ಮೊದಲು ರಸ್ತೆ ಬದಲಾಯಿತು: ಗುಂಡಿಯಿಲ್ಲದ ಬೀದಿಗಳನ್ನು ಹುಡುಕಿ, ಊರನ್ನು ಸುತ್ತುಹಾಕಿ, ಹತ್ತಿರದ ಹೊಳೆಯನ್ನು ದೂರ ಮಾಡಿದರು. ಆಮೇಲೆ ಟೈರಿನ ಗಾಳಿ ಇಳಿಸಿದರು, ಕಾರು ತಿರುವಿನಲ್ಲಿ ಓಲಾಡಿತು, ಒದೆತ ಹೋಗಲಿಲ್ಲ. ಆಮೇಲೆ ಶಾಕ್ ಅಬ್ಸಾರ್ಬರುಗಳನ್ನೆಲ್ಲ ತೆಗೆಸಿ ಹೊಸತು ಹಾಕಿಸಿದರು, ಅವುಗಳ ಕೆಳಗಿನ ತಡೆರಬ್ಬರನ್ನು ಬದಲಿಸಿದರು. ಇದನ್ನೆಲ್ಲ ಮಾಡಿಕೊಟ್ಟವನು ಅದೇ ಗ್ಯಾರೇಜಿನವನು. ಅವನಿಗೆ ರೋಗದ ಮೂಲ ಯಾವುದೆಂದು ಗೊತ್ತಿತ್ತು. ಬಾಯಿ ಬಿಡಲಿಲ್ಲ, ಬಿಟ್ಟರೆ ಕೇಳುವವರಾರು ಎಂಬ ನೆಪವೊಂದು ಕೈಯಲ್ಲಿತ್ತು, ವ್ಯಾಪಾರವೂ ನಡೆಯುತ್ತಿತ್ತು. ಕೊನೆಗೆ ಭಾವ ತಮ್ಮ ಸ್ವಂತ ವಿದ್ಯೆಗೆ ಕೈಹಾಕಿ, ಮುಂದಿನ ಸೀಟಿಗೆ ಒಂದು ಮೆತ್ತೆ ಹೊಲಿದರು. ಅದರ ಮೇಲೊಂದು ಹೊಲಿದರು. ಕೋಟಿನ ಬಟ್ಟೆಯದೇ ಹೊದಿಕೆ, ಸುತ್ತ ದಾರದ ಅಂಚು, ಮೂಲೆಗಳಲ್ಲಿ ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಮೆತ್ತೆಯ ಮೇಲೆ ಮೆತ್ತೆ ಏರಿ ಅಕ್ಕನ ತಲೆ ಕಾರಿನ ಚಾವಣಿಗೆ ತಗುಲತೊಡಗಿತು. ಕಾರು ತಗ್ಗಾಯಿತು, ಹೆಂಡತಿ ಎತ್ತರವಾದಳು, ಒದೆತ ಮಾತ್ರ ಇದ್ದಲ್ಲೇ ಇತ್ತು.

"ರೀ, ಮೊದಲಿದ್ದ ಹಾಗೇ ಮಾಡಿಸಿಬಿಡಿ" ಎಂದು ಅಕ್ಕ ಒಂದು ಭಾನುವಾರ ಹಿಂತಿರುಗುವ ದಾರಿಯಲ್ಲಿ ಕೇಳಿಕೊಂಡಳು. ಹಿಂದಿನ ಸೀಟಿನಲ್ಲಿ ನಾನಿದ್ದೆ.

"ಮೊದಲಿದ್ದ ಹಾಗೆ ಅಂದ್ರೆ ಸಡಿಲ."

"ಸಡಿಲ ಇದ್ರೆ ಏನ್ರೀ? ಮಾತಾಡ್ಕೊಂಡು ಹೋಗ್ತಿದ್ವಿ."

ಭಾವ ರಸ್ತೆಯಿಂದ ಕಣ್ಣು ತೆಗೆಯದೆ, ಸಿಟ್ಟೂ ಇಲ್ಲದ ದನಿಯಲ್ಲಿ, ಅಳತೆ ಹೇಳುವವರ ಹಾಗೆ ಹೇಳಿದರು: "ಗಾಡಿ ಸರಿಯಾಗೇ ಇದೆ. ನಿನ್ನ ಬೆನ್ನು ಸರಿಯಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಬೇಕಾದಷ್ಟಿದ್ದಾರೆ. ನಾಲ್ಕನೆಯ ಕಾಲು ಕಂಡವಳ ಕಣ್ಣಿನದೇ ದೋಷ ಎನ್ನುವವರನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. ನನಗೆ ಮೈಯೆಲ್ಲ ಉರಿಯಿತು. ಆ ಬೆನ್ನು ಯಾರ ಕೋಟುಗಳ ಕಾಜಾ ತೆಗೆದು ಹಾಗಾಯಿತೆಂದು ಕೇಳಬೇಕೆನ್ನುವಷ್ಟರಲ್ಲಿ ಅಕ್ಕ, "ಇಲ್ಲೇ ನಿಲ್ಸಿ" ಎಂದಳು. ಬಸ್ ನಿಲ್ದಾಣವೊಂದು ಎದುರಿಗಿತ್ತು. ಇಳಿದಳು. ಬಾಗಿಲನ್ನು ದಢಾರನೆ ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಹಾಕಲಿಲ್ಲ. ನಿಧಾನವಾಗಿ ಮುಚ್ಚಿ, ಚೀಲ ಹೆಗಲಿಗೇರಿಸಿ, ಬೆನ್ನಿಗೆ ಒಂದು ಕೈ ಕೊಟ್ಟುಕೊಂಡು ಬಸ್ಸಿಗೆ ಕಾದಳು.

ಅಂದಿನಿಂದ ಅವಳು ಬಸ್ಸಿನ ಪ್ರಯಾಣಿಕಳಾದಳು. ಡಾಕ್ಟರು ಬೇಡವೆಂದಿದ್ದು ನಿಂತು ತೂಗಾಡುವುದನ್ನು ತಾನೇ, ಸೀಟು ಸಿಗುವ ಬಸ್ಸು ಬರುವವರೆಗೂ ಅವಳು ನಿಲ್ದಾಣದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಭಾನುವಾರ ಒಬ್ಬಳೇ ಹೊಳೆಗೆ ಹೋಗಿ ಬರುತ್ತಿದ್ದಳು. ಬಸ್ಸಿನಲ್ಲಿ ಪರಿಚಯವಾದ ದಾದಿಯೊಬ್ಬಳ ಜೊತೆ ಮಾತು ಬೆಳೆದಿತ್ತು, ಆಕೆಗೂ ನಾವು ಮರದಿಂದ ಬಿದ್ದ ಕಥೆ ಹೇಳಿದಳಂತೆ. ಮತ್ತು ಭಾವ? ಬಸ್ಸಿನ ಹಿಂದೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಹೌದು, ಪ್ರತಿ ಭಾನುವಾರ, ಒಂದಿಷ್ಟು ಅಂತರ ಬಿಟ್ಟು. ಹೊಳೆದಂಡೆಯಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಕೋಟಿನ ಗುಂಡಿ ಬಿಚ್ಚದೆ, ಗಾಜಿನೊಳಗಿಂದ ಹೆಂಡತಿಯನ್ನು ನೋಡುತ್ತ ಕೂತಿರುತ್ತಿದ್ದರು. ಒಮ್ಮೆ ನಾನು ಕಾರಿನ ಗಾಜು ತಟ್ಟಿ, "ಇಳಿದು ಹೋಗಿ ಒಂದು ಮಾತಾಡಿ ಭಾವ" ಎಂದೆ. "ಅವಳೇ ಅಲ್ವಾ ಇಳಿದು ಹೋಗಿದ್ದು?" ಎಂದರು. ಅಳತೆಯ ಪ್ರಕಾರ ಅದೂ ಸರಿಯೇ. ಹೀಗೆ ಋತುಗಳು ಕಳೆದವು. ಮುಂಗೋಣೆಯಲ್ಲಿ ಗುಂಡುಸೂಜಿಯ ಹ್ಞೂಂ ಉಹ್ಞೂಂ ಮುಂದುವರಿದಿತ್ತು, ಈಗ ಅದಕ್ಕೆ ಭಾನುವಾರದ ರಜೆಯೂ ಇರಲಿಲ್ಲ.

ಕಾರನ್ನು ಮತ್ತೆ ಗ್ಯಾರೇಜಿಗೆ ಒಯ್ದದ್ದು ಅಕ್ಕನ ಬೆನ್ನಲ್ಲ, ಒಂದು ಕಿರಿಕಿರಿ ಸದ್ದು. ಚಕ್ರ ಏರಿಳಿದಾಗಲೆಲ್ಲ ಹಳೆಯ ಮಂಚದಂತೆ ಕೀಚ್ ಎನ್ನತೊಡಗಿತು, ಬೀದಿಯ ಜನ ತಿರುಗಿ ನೋಡತೊಡಗಿದರು. ಹೆಂಡತಿಯ ನರಳಿಕೆ ಕಾರಿನೊಳಗೇ ಇತ್ತು. ಇದು ನಾಲ್ಕು ಜನಕ್ಕೆ ಕೇಳಿಸುತ್ತಿತ್ತು. ಭಾವ ನನ್ನನ್ನೂ ಕರೆದುಕೊಂಡು ಹೋದರು. ಗ್ಯಾರೇಜಿನವನು ಒಂದು ತೋಳು ಬಿಚ್ಚಿ, ಅದರ ಬುಡದಲ್ಲಿದ್ದ ಬಳೆಯಂಥ ರಬ್ಬರನ್ನು ಹೊರತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಹಿಂಡಿದ ಬಟ್ಟೆಯಂತೆ ತಿರುಚಿ, ಅಡ್ಡಡ್ಡ ಹರಿದಿತ್ತು.

"ಅವತ್ತೇ ಹೇಳಿದ್ನಲ್ಲ ಸಾರ್. ಗಾಡಿ ಮೇಲೆ ನೇತಾಡ್ತಿರುವಾಗ ಬಿಗಿ ಮಾಡಿದ್ರೆ ಈ ರಬ್ಬರು ಅದೇ ತನ್ನ ಜಾಗ ಅಂದ್ಕೊಂಡುಬಿಡುತ್ತೆ. ಕೆಳಗಿಳಿಸಿದ ತಕ್ಷಣ ಭಾರಕ್ಕೆ ತಿರುಚ್ಕೊಳ್ಳುತ್ತೆ. ಆಮೇಲೆ ನಿಂತಲ್ಲೂ ನೋವು ಅದಕ್ಕೆ, ಪ್ರತಿ ಗುಂಡಿಗೂ ಅಡ್ಡ ನಿಲ್ಲುತ್ತೆ. ಎಷ್ಟು ದಿನ ತಡ್ಕೊಳ್ಳುತ್ತೆ ಪಾಪ, ಹರೀತು."

"ಗಟ್ಟಿಯಾಗಿ ಹೇಳ್ಬೇಕಾಗಿತ್ತು ನೀನು."

"ಗಟ್ಟಿಯಾಗಿ ಹೇಳಿದ್ರೆ ಕೇಳೋರಾ ಸಾರ್ ನೀವು?" ಎಂದು ಅವನು ನಕ್ಕ, ಆ ನಗುವಿನಲ್ಲಿ ನಾಚಿಕೆಯೇನೂ ಇರಲಿಲ್ಲ.

ಹೊಸ ರಬ್ಬರು ಹಾಕಿದ. ಈ ಸಲ ಕಾರನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಾಲ್ಕು ಚಕ್ರದಲ್ಲೂ ನಿಲ್ಲಿಸಿ, ತಾನು ಗುಂಡಿಗಿಳಿದು, ಕೆಳಗಿನಿಂದ ಕೂಗಿ ಹೇಳಿದ: "ದಿನಾ ಯಾರು ಯಾರು ಕೂರ್ತೀರೋ ಕೂತ್ಕೊಳ್ಳಿ ಸಾರ್, ಭಾರ ಇದ್ದಾಗ್ಲೇ ಬಿಗಿ ಮಾಡ್ತೀನಿ." ಭಾವ ಸ್ಟಿಯರಿಂಗಿನ ಮುಂದೆ ಕೂತರು. "ಪಕ್ಕದ ಸೀಟಲ್ಲಿ?" ಎಂದು ಕೆಳಗಿನಿಂದ ದನಿ ಬಂತು. ನಾನೇ ಹೋಗಿ ಆ ಮೆತ್ತೆಗಳ ಮೇಲೆ, ಅಕ್ಕನ ಜಾಗದಲ್ಲಿ, ಅವಳ ತೂಕವಾಗಿ ಕೂತೆ. ಪಾನಾ ಒಂದೊಂದು ಸಲ ಕಿರ್ರೆಂದಾಗಲೂ ಭಾವನ ಕಣ್ಣುರೆಪ್ಪೆ ಅದುರುತ್ತಿತ್ತು. ಈಗಲಾದರೂ ಈ ಮನುಷ್ಯನೊಳಗೆ ಏನೋ ಸಡಿಲವಾಗುತ್ತಿದೆಯೆಂದು ನಾನು ಆಸೆಪಟ್ಟೆ.

ಹಿಂದಿರುಗುವಾಗ ಕಾರು ಬೇರೆಯೇ ಕಾರಾಗಿತ್ತು. ಅದೇ ಗುಂಡಿಗಳು, ಅದೇ ಬಿರುಕುಗಳು, ಆದರೆ ಚಕ್ರ ಒಮ್ಮೆ ಮುಳುಗಿ ಎದ್ದು ಹೋಗುತ್ತಿತ್ತು, ಅಷ್ಟೇ. ಮೈ ಎಷ್ಟು ತಗ್ಗಿತ್ತೋ ಅಷ್ಟೇ ತಗ್ಗಿತ್ತು. "ನೋಡಿದೆಯೇನಯ್ಯಾ? ತಗ್ಗಿಸಿದ್ದು ತಪ್ಪಾಗಿರಲಿಲ್ಲ!" ಎಂದು ಭಾವ ಮಗುವಿನಂತೆ ಹೇಳಿದರು. ದಾರಿಯಲ್ಲೇ ನಿಲ್ಲಿಸಿ ಮೆತ್ತೆಗಳನ್ನೆಲ್ಲ ಎತ್ತಿ ಹಿಂದಿನ ಸೀಟಿಗೆ ಎಸೆದರು. ಅಂದು ಭಾನುವಾರ. ಮನೆ ಮುಟ್ಟುವಾಗ ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಬಸ್ಸಿಗೆ ಹೊರಟವಳು.

ಭಾವ ಸರಸರನೆ ಇಳಿದು, ಸುತ್ತಿ ಬಂದು, ಪಕ್ಕದ ಬಾಗಿಲನ್ನು ತೆರೆದು ಹಿಡಿದರು. ಅವರು ಅಷ್ಟು ದೊಡ್ಡ ಹೆಜ್ಜೆ ಹಾಕಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. "ಸರಿಹೋಯ್ತು ಕಣೇ. ಹೂವಿನ ಹಾಗೆ ಹೋಗುತ್ತೆ. ಇವನನ್ನೇ ಕೇಳು." ನಾನು ತಲೆಯಾಡಿಸಿದೆ. ಅಕ್ಕ ಮೆತ್ತೆಯಿಲ್ಲದ ಸೀಟನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದಳು. ಅವಳ ಮುಖದಲ್ಲಿ ಹಳೆಯ ಭಾನುವಾರವೊಂದು ಇಣುಕಿತು. ಚೀಲವನ್ನು ಸೀಟಿನ ಮೇಲಿಟ್ಟಳು. ಕೂರುವುದೊಂದೇ ಬಾಕಿ. ಬಾಗಿಲ ಅಂಚು ಹಿಡಿದುಕೊಂಡು ಕೇಳಿದಳು: "ಏನಾಗಿತ್ತಂತೆ?"

ಆ ದಿನ ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದವಳು ಕೇಳಿದ ಪ್ರಶ್ನೆ ಅದು. ಅವಳಿಗೆ ಉತ್ತರ ಬೇಕಾಗಿರಲಿಲ್ಲ, ಅವರು ನಿಜ ಹೇಳುತ್ತಾರಾ ಎನ್ನುವುದು ಬೇಕಾಗಿತ್ತು. ಒಂದೇ ಒಂದು ಮಾತು ಸಾಕಾಗಿತ್ತು, ಅದೂ ಪೂರ್ತಿ ಬೇಕಿರಲಿಲ್ಲ, ಅವಳು ಉಳಿದದ್ದನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು.

"ಆ ಗ್ಯಾರೇಜಿನವನ ಕಿತಾಪತಿ" ಎಂದರು ಭಾವ. "ಬೋಲ್ಟನ್ನೆಲ್ಲ ಮೇಲೇ ಬಿಗಿ ಮಾಡಿಬಿಟ್ಟಿದ್ದ, ಕತ್ತೆ."

"ಅವನೇ ಮಾಡಿದ್ನಾ?"

"ಮತ್ತಿನ್ಯಾರು?"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಕ್ಕ ಅವರನ್ನು ಒಂದು ಕ್ಷಣ ನೋಡಿದಳು, ಹೆಗಲನ್ನಲ್ಲ, ಕಾಲರನ್ನಲ್ಲ, ಮುಖವನ್ನು. ಆಮೇಲೆ ಸೀಟಿನ ಮೇಲಿದ್ದ ಚೀಲವನ್ನು ಎತ್ತಿಕೊಂಡಳು. "ಒಳ್ಳೇದಾಯ್ತು ಬಿಡಿ, ಸರಿಹೋಯ್ತಲ್ಲ. ನನ್ನ ಬಸ್ಸಿನ ಹೊತ್ತಾಯ್ತು" ಎಂದು ಹೇಳಿ, ಬೆನ್ನಿಗೊಂದು ಕೈ ಕೊಟ್ಟುಕೊಂಡು ಬೀದಿಯ ತಿರುವಿನತ್ತ ನಡೆದಳು. ಸಿಟ್ಟಿರಲಿಲ್ಲ. ಒಳಗೆ ಬಿಟ್ಟಿದ್ದ ಅಂಚು ಮುಗಿದುಹೋಗಿತ್ತು.

ಭಾವ ತೆರೆದ ಬಾಗಿಲನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದರು. ಆಮೇಲೆ ಅದನ್ನು ಮುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆಮಾಡಿ ಕಾರನ್ನು ದಿಟ್ಟಿಸಿದರು. ಹತ್ತಿರ ಹೋಗಿ ಪಕ್ಕದ ಸೀಟಿನ ಕಡೆಯ ಚಕ್ರದ ಸಂದಿಗೆ ಬೆರಳು ತೂರಿಸಿದರು, ಈ ಕಡೆ ಬಂದು ಇಲ್ಲಿಯೂ ತೂರಿಸಿದರು. "ಆ ಕಡೆ ಒಂದು ನೂಲು ಎತ್ತರ ಕಾಣ್ತಿದೆ, ಅಲ್ವೇನಯ್ಯಾ?" ಎಂದರು. "ನಾಳೆ ಅವನನ್ನ ವಿಚಾರಿಸ್ಬೇಕು."

ಇಂಥವರು ಕೆಟ್ಟವರಲ್ಲ, ಅದೇ ದುಃಖ. ಕೆಟ್ಟವರಾಗಿದ್ದರೆ ಬಿಟ್ಟು ಹೋಗುವುದು ಸುಲಭವಿತ್ತು, ಬೈಯುವುದು ಇನ್ನೂ ಸುಲಭವಿತ್ತು. ಇವರು ಮನೆಗಳಲ್ಲಿದ್ದಾರೆ, ಕಚೇರಿಗಳಲ್ಲಿದ್ದಾರೆ, ಶಾಲೆಯ ವೇದಿಕೆಗಳ ಮೇಲಿದ್ದಾರೆ. ಮನುಷ್ಯರನ್ನು ನಿಲ್ಲಿಸಿ, ಉಸಿರು ಹಿಡಿಸಿ ಅಳತೆ ತೆಗೆಯುತ್ತಾರೆ, ಭಾರ ಬೀಳುವ ಮೊದಲೇ ಎಲ್ಲವನ್ನೂ ಬಿಗಿದು ಮುಗಿಸುತ್ತಾರೆ, ಆಮೇಲೆ ಯಾರಾದರೂ ಕೂರಲು ಹೋಗಿ ನೊಂದರೆ ಕೂತವರ ಬೆನ್ನನ್ನು ಪರೀಕ್ಷೆಗೆ ಕಳಿಸುತ್ತಾರೆ. ಅವರ ಅಳತೆ ಎಂದೂ ತಪ್ಪಿರುವುದಿಲ್ಲ, ಅವರ ಕೋಟುಗಳು ಮೊಳೆಗೆ ತೂಗುಹಾಕಿದಾಗ ಬಹಳ ಚೆನ್ನಾಗಿರುತ್ತವೆ. ಒಂದು ನೂಲಿನ ಎತ್ತರವನ್ನು ಅವರು ಬರಿಗಣ್ಣಿನಲ್ಲೇ ಹಿಡಿಯಬಲ್ಲರು. ಆ ಕಡೆ ಬಹಳ ದಿನದಿಂದ ಯಾರೂ ಕೂತಿಲ್ಲ, ಎತ್ತರ ಅದಕ್ಕೇ ಎಂಬುದನ್ನು ಮಾತ್ರ ಅವರಿಗೆ ಬೇರೆ ಯಾರಾದರೂ ಹೇಳಬೇಕು. ಹೇಳಬಲ್ಲವರು ಅಷ್ಟು ಹೊತ್ತಿಗೆ ಬಸ್ಸು ಹತ್ತಿರುತ್ತಾರೆ.